ಮಳೆಗಾಗಿ ಸುಟ್ಟ ಬೆಟ್ಟ

ಉಣ್ಣಿಗಿಡದ, ಅಂದರೆ ಲಂಟಾನದ, ಎಲೆಯನ್ನು ಯಾರಾದರೂ ಹಿಸುಕಿದರೆ ಇವತ್ತಿಗೂ ನನಗೆ ವಾಕರಿಕೆ ಬರುತ್ತದೆ. ಆ ಹಾಳು ವಾಸನೆಯ ಜೊತೆಗೇ, ಸೇಲಂ ಕಡೆಯ ಮೊರಪ್ಪೂರಿನ ಆಚೆ ಬೆಟ್ಟದ ಬುಡದಲ್ಲಿದ್ದ ನಮ್ಮ ತಾತನ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಮೂವತ್ತರ ದಶಕ ಶುರುವಾದಾಗ ಆ ಬೆಟ್ಟದಲ್ಲಿ ಉಣ್ಣಿಗಿಡವೇ ಇರಲಿಲ್ಲ. ಕಣಿವೆಯುದ್ದಕ್ಕೂ ಮತ್ತಿ, ನೇರಳೆ, ಅತ್ತಿ ಒತ್ತೊತ್ತಾಗಿ ನಿಂತಿದ್ದವು. ಅವುಗಳ ಬೇರಿನಡಿಯಿಂದ ಊಟೆಯೊಂದು ಬೇಸಿಗೆಯಲ್ಲೂ ತಣ್ಣಗೆ ಹರಿಯುತ್ತಿತ್ತು. ಪಕ್ಕದಲ್ಲಿ ಆ ನೀರು ಕಾಯುವ ದೇವತೆ ಕನ್ನಿಮಾರಮ್ಮನ ಕಲ್ಲುಗಳು. ಬೆಳಗಾದರೆ ಅಜ್ಜಿ ಆ ಕಲ್ಲುಗಳಿಗೆ ನೀರು ಹುಯ್ದು, ತಲೆಯ ಮೇಲೊಂದು, ಸೊಂಟದಲ್ಲೊಂದು ಬಿಂದಿಗೆ ಹೊತ್ತು ಇಳಿಯುತ್ತಿದ್ದಳು. ಕೊಳೆತ ಎಲೆಯ, ನೆನೆದ ಬೇರಿನ ಘಮ ಅವಳ ಸೀರೆಗೆ ಅಂಟಿರುತ್ತಿತ್ತು. ಇಡೀ ಮನೆ ಬದುಕಿದ್ದು ಆ ನೀರಿನಿಂದ.

ಮಳೆ ತಡವಾದರೆ ಬೆಟ್ಟಕ್ಕೆ ಬೆಂಕಿ ಇಡುವುದು ನಮ್ಮೂರ ಪದ್ಧತಿ. ಹೊಗೆ ಮೇಲೇರಿ ಮೋಡವಾಗುತ್ತದಂತೆ. ಹಿಂದೆಲ್ಲ ನೆತ್ತಿಯ ಒಣಹುಲ್ಲಿಗಷ್ಟೇ ಇಡುತ್ತಿದ್ದರು. ಒಂದು ವರ್ಷ ಆಡಿ ತಿಂಗಳು, ಅಂದರೆ ಆಷಾಢ, ಬಂದರೂ ಹನಿ ಬೀಳದಾಗ, ಊರಿಗೆಲ್ಲ ಪೆರಿಯವ್ರು, ಅಂದರೆ ಹಿರಿಯನಾಗಿದ್ದ ತಾತ ಪಂಜು ಹಿಡಿದು ಕಣಿವೆಗೇ ಹೊರಟ.

"ಬ್ಯಾಡ, ಅಲ್ಲಿ ಊಟೆ ಐತೆ. ಕನ್ನಿಮಾರಮ್ಮ ಅವ್ಳೆ" ಅಂದಳು ಅಜ್ಜಿ.

"ನೀ ಒಳಕ್ಕೋಗು. ದಪ್ಪ ಮರ ಉರುದ್ರೇನೇ ದಪ್ಪ ಮೋಡ."

ಬೆಂಕಿ ಆರುವ ಮೊದಲೇ ಮಳೆ ಬಂತು. ಹೇಗೂ ಬರಬೇಕಿದ್ದ ಮಳೆ ಬಂತು, ಅಷ್ಟೇ. ಜನ ತಾತನಿಗೆ ಹಾರ ಹಾಕಿದರು. ಬೆಂದು ಬಿದ್ದಿದ್ದ ಮೊಲಗಳನ್ನು ಹೆಕ್ಕಿ ತಂದು ನಮ್ಮ ಅಂಗಳದಲ್ಲೇ ತಿಂದರು. "ನಮ್ ಪೆರಿಯವ್ರು ಮಳೆ ಇಡ್ಕಂಡ್ ಬಂದ್ರು" ಎನ್ನುತ್ತ ಜಿಡ್ಡು ಬಾಯಿ ಒರೆಸಿಕೊಂಡು ನಗುತ್ತಿದ್ದ ಆ ಮುಖಗಳನ್ನು ನೆನೆದರೆ ಈಗಲೂ ಹೇಸಿಗೆಯಾಗುತ್ತದೆ. ಆಮೇಲೆ ವರ್ಷವರ್ಷವೂ ಕಣಿವೆಯನ್ನೇ ಸುಟ್ಟರು. ಮರಗಳು ಹೋದ ಜಾಗದಲ್ಲಿ ಮೊದಲು ಹುಲ್ಲು ಬಂತು. ಚಿಗುರಿದ ಸಸಿಗಳನ್ನು ಮುಂದಿನ ಬೆಂಕಿ ತಿಂದಿತು. ಕೊನೆಗೆ ಹಕ್ಕಿಗಳು ಉದುರಿಸಿದ ಬೀಜದಿಂದ ಉಣ್ಣಿಗಿಡ ಎದ್ದಿತು. ಸುಟ್ಟಷ್ಟೂ ಹುಲುಸಾಗಿ ಬೆಳೆದು ಕಣಿವೆಯನ್ನೆಲ್ಲ ಮುಳ್ಳಿನಿಂದ ಮುಚ್ಚಿತು. ನೆರಳು ಕಳೆದುಕೊಂಡ ಊಟೆ ಸಣ್ಣಗಾಗಿ, ಕೆಸರಾಗಿ, ಒಂದು ಬೇಸಿಗೆಯಲ್ಲಿ ನಿಂತೇ ಹೋಯಿತು. ಅಜ್ಜಿ ದೂರದ ಬಾವಿಯಿಂದ ಸವಳು ನೀರು ಹೊರತೊಡಗಿದಳು. ನಿಮ್ಮೂರಲ್ಲೂ ಇಂಥದೊಂದು ನೀರು ಬತ್ತಿದ್ದರೆ, ಆ ಬಿಂದಿಗೆಯ ಭಾರ ನಿಮಗೂ ಗೊತ್ತಿರುತ್ತದೆ.

ತಾತ ಹಾಸಿಗೆ ಹಿಡಿದ ಮೇಲೆ ಆ ಸವಳು ನೀರನ್ನು ಉಗುಳಿಬಿಡುತ್ತಿದ್ದ. ಕೊನೆಯ ದಿನ, "ಊಟೆ ನೀರು ಒಂದ್ ಗುಟುಕು ಕೊಡೇ" ಅಂದ. ಅಜ್ಜಿ ಚೊಂಬಿಗೆ ಬಾವಿ ನೀರನ್ನೇ ಬಗ್ಗಿಸಿಕೊಂಡು ಬಂದಳು.

"ಎಲ್ಲಿಂದ ತರ್ಲಿ? ಅದುನ್ನ ನೀನೇ ಸುಟ್ಬುಟ್ಯಲ್ಲಾ."

ಬೆರಳನ್ನು ಸವಳು ನೀರಿಗೇ ಅದ್ದಿ ಅವನ ತುಟಿಗೆ ಸವರಿದಳು. ಅವನು ಮುಖ ತಿರುಗಿಸಿಕೊಂಡ. ತಿಥಿ ಮುಗಿಸಿ ನಾವೆಲ್ಲ ಸೇಲಂ ಸೇರಿದೆವು. ಆ ಮನೆಯ ಗೋಡೆಗಳ ಮೇಲೂ ಈಗ ಉಣ್ಣಿಗಿಡ ಹಬ್ಬಿದೆ. ಹೂ ಬಿಟ್ಟಾಗ ದಾರಿಹೋಕರು ಚೆಂದವಾಗಿದೆ ಅನ್ನುತ್ತಾರಂತೆ.