ಕಫ ಕೇಳಿದರೆ ಎಂಜಲು

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ, ಅಂಗಡಿಗಳ ಜಗಲಿಗಳಲ್ಲಿ ಮಲಗುವವರ ನಡುವೆ ಕ್ಷಯರೋಗ ಎಷ್ಟಿದೆ ಎಂದು ನೋಡುವ ಅಧ್ಯಯನವೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೆ. ನಾನು ಡಾಕ್ಟರಲ್ಲ. ಕೆಮ್ಮುವವರನ್ನು ಹುಡುಕಿ, ಪ್ರಶ್ನೆ ಕೇಳಿ, ಕಫ ತೆಗೆದುಕೊಂಡು ಪರೀಕ್ಷೆಗೆ ಕಳಿಸುವವಳು. ಮೊದಲನೇ ಪ್ರಶ್ನೆಯೇ ‘ನಿಮಗೆ ಮನೆ ಇದೆಯೇ?’ ಅದನ್ನು ಬರೆದ ಮಹಾನುಭಾವರು ಎಲ್ಲೋ ಫ್ಯಾನಿನ ಕೆಳಗೆ ಕೂತಿದ್ದರು, ಬೈಸಿಕೊಳ್ಳುತ್ತಿದ್ದವಳು ನಾನು.

“ಮನೆ ಇಲ್ದೆ ಏನು? ಮುಳ್ಳೂರ್ನಲ್ಲಿ ಅದೆ. ನಮ್ ತಮ್ಮ ಬೀಗ ಜಡ್ದವ್ನೆ, ಅಷ್ಟೇಯ” ಎಂದು ಒಬ್ಬಾತ ನನ್ನ ಮೇಲೇ ಎಗರಿದ. ಅಂಥ ಉತ್ತರ ಬರೆಯಲು ಕಾಲಂ ಇರಲಿಲ್ಲ. ‘ಇಲ್ಲ’ ಎಂದು ಗೀಚಿಕೊಂಡು ಮುಂದಕ್ಕೆ ಹೋದೆ.

ಹಣ್ಣಿನಂಗಡಿಗಳ ಮುಂದೆ ಕಸ ಗುಡಿಸಿ, ಅವರು ಕೊಡಿಸುವ ಟೀ, ಬನ್ನಿನಲ್ಲಿ ದಿನ ದೂಡುತ್ತಿದ್ದ ಹೆಂಗಸೊಬ್ಬಳಿದ್ದಳು. ಐವತ್ತರ ಆಸುಪಾಸು. ಅವಳ ಪಕ್ಕದಲ್ಲಿ ಮಲಗುತ್ತಿದ್ದದ್ದು ಕಣ್ಣು ಮಂಜಾದ ಒಬ್ಬ ಮುದುಕಿ. ನೆಂಟರಲ್ಲ, ಒಂದೇ ಊರಿನವರೂ ಅಲ್ಲ. ಅದೇ ಜಗಲಿಯ ಮೇಲೆ ಪರಿಚಯವಾದವರು. ಇಬ್ಬರಿಗೂ ಸೇರಿ ಒಂದು ಕಂಬಳಿ. ಎದ್ದು ನಾಲ್ಕು ಹೆಜ್ಜೆ ಹೋಗಬೇಕಾದರೂ ಮುದುಕಿಗೆ ಇವಳ ಭುಜ ಬೇಕಿತ್ತು.

ಕಸ ಗುಡಿಸುವವಳ ಕೆಮ್ಮು ಕೇಳಿದ ದಿನವೇ ನನಗೆ ಅನುಮಾನ ಬಂತು. ಸಂಜೆಯಾದರೆ ಜ್ವರ, ಮೈಯಲ್ಲಿ ಮೂಳೆ ಬಿಟ್ಟರೆ ಇನ್ನೇನಿಲ್ಲ. ಮಾತ್ರೆ ಬೇಗ ಶುರುವಾಗದಿದ್ದರೆ ಅವಳು ಬದುಕುವುದಿಲ್ಲ ಎನ್ನುವುದು ಕಣ್ಣಿಗೇ ಕಾಣುತ್ತಿತ್ತು. ಆದರೆ ನಮ್ಮ ಪದ್ಧತಿಯಲ್ಲಿ ಕಫದ ಪರೀಕ್ಷೆಯಾಗದೆ ಯಾವುದೂ ಅಲುಗಾಡುವುದಿಲ್ಲ. ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಕೊಟ್ಟು, ಬೆಳಗ್ಗೆ ಎದ್ದ ತಕ್ಷಣ ಎದೆಯಿಂದ ಕೆಮ್ಮಿ ಉಗುಳಬೇಕು ಎಂದು ಹೇಳಿದೆ. ಮಾರನೆಯ ದಿನ ಡಬ್ಬಿಯನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು.

‘ಬರೀ ಎಂಜಲು, ಮತ್ತೆ ಕಳಿಸಿ’ ಎಂದು ಪರೀಕ್ಷೆ ಮಾಡುವ ಲ್ಯಾಬಿನಿಂದ ಫೋನು ಬಂತು. ಮತ್ತೆ ಕಳಿಸಿದೆ. ಮತ್ತೆ ಅದೇ ಮಾತು. ನನಗೆ ರೇಗಿಹೋಯಿತು.

“ಏನಕ್ಕ, ಆಟ ಆಡ್ತಿದ್ದೀಯಾ? ಕೆಮ್ಮಿದ್ರೆ ಬೀದಿಗೆಲ್ಲ ಕೇಳ್ಸ್ತದೆ, ಡಬ್ಬೀಲಿ ಮಾತ್ರ ನೀರು!”

ಅವಳು ತಲೆ ತಗ್ಗಿಸಿದಳು. “ನಿಮ್ ಕೈಗೆ ಅಂತಾ ಅಸಯ್ಯ ಎಂಗವ್ವ ಕೊಡ್ಲಿ? ಅದ್ಕೇ ಗಂಟ್ಲು ಚೊಕ್ಕ ಮಾಡಿ, ಬಾಯ್ ಮುಕ್ಕಳ್ಸಿ, ಆಮೇಲೆ ಉಗ್ದು ಕೊಟ್ಟೆ.”

ಅಯ್ಯೋ ಶಿವನೇ! ನನಗೆ ಬೇಕಾದದ್ದನ್ನೆಲ್ಲ ಮೋರಿಗೆ ಉಗಿದು, ಮರ್ಯಾದೆಯನ್ನು ಡಬ್ಬಿಗೆ ತುಂಬಿ ಕೊಟ್ಟಿದ್ದಾಳೆ. ನಗು ಬಂತು, ಸಿಟ್ಟೂ ಬಂತು. ನಾನು ಮುಟ್ಟುವುದೇ ಇಲ್ಲ, ನೀನೇ ಮುಚ್ಚಳ ಹಾಕಿ ಡಬ್ಬಿ ಸಾಗಿಸುವ ಈ ಪೆಟ್ಟಿಗೆಯೊಳಗೆ ನೀನೇ ಇಡು ಎಂದು ಬೆನ್ನು ತಿರುಗಿಸಿ ನಿಂತೆ. ಅವಳು ಅಂಗಡಿಯ ಹಿಂದಕ್ಕೆ ಹೋಗಿ ಕೆಮ್ಮಿ ಬಂದಳು. ಡಬ್ಬಿಯನ್ನು ತಾನೇ ಇಟ್ಟು, “ಪೆಟ್ಗೆ ಮುಟ್ಟುದ್ಮೇಲೆ ಕೈ ತೊಳ್ಕಳವ್ವ” ಎಂದಳು.

ಈ ಸಲ ಫಲಿತಾಂಶ ಬಂತು. ಕ್ಷಯವೇ ಆಗಿತ್ತು. ಎಲ್ಲರಿಗೂ ಹೇಳುವ ಪಾಠವನ್ನೇ ಅವಳಿಗೂ ಒಪ್ಪಿಸಿದೆ: ಮಾತ್ರೆ ನುಂಗಿದರೆ ವಾಸಿಯಾಗುತ್ತದೆ, ತಿಂಗಳುಗಟ್ಟಲೆ ತಪ್ಪದೆ ನುಂಗಬೇಕು, ಗಾಳಿಯಲ್ಲಿ ಹರಡುತ್ತದೆ, ಸದ್ಯಕ್ಕೆ ಅಜ್ಜಿಯ ಪಕ್ಕ ಮಲಗಬೇಡ, ನಾಳೆ ಆಸ್ಪತ್ರೆಗೆ ಹೋಗೋಣ. ಅವಳು ಎಲ್ಲಕ್ಕೂ ತಲೆಯಾಡಿಸಿದಳು.

ಮಾರನೆಯ ಬೆಳಗ್ಗೆ ಜಗಲಿಯ ಮೇಲೆ ಮುದುಕಿ ಒಬ್ಬಳೇ ಕೂತಿದ್ದಳು. “ಕಂಬ್ಳಿ ನಂಗೆ ಒದ್ಸ್‌ಬುಟ್ಟು ಓಗ್ಬುಟ್ಲು ಕನವ್ವ. ಎಲ್ಗೆ ಅಂತ ಏಳ್ನಿಲ್ಲ” ಎಂದು ಅಳುತ್ತಿದ್ದಳು.

ಕೆಲಸದ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿಯಿತು. ‘ಸಿಗಲಿಲ್ಲ’ ಎಂದು ಬರೆದು ಮುಂದಿನವರನ್ನು ನೋಡಿಕೊಳ್ಳಬಹುದಿತ್ತು. ಅಷ್ಟರಲ್ಲಿ ಟೀ ಅಂಗಡಿಯವನು, “ಅನೂರ್ ಬಸ್ ಅತ್ತುದ್ಲು ಮೇಡಂ” ಎಂದ. ಅವಳಿಗೂ ನನ್ನ ಹಣೆಬರಹಕ್ಕೂ ಹಿಡಿಶಾಪ ಹಾಕುತ್ತ ನಾನೂ ಹನೂರಿನ ಬಸ್ಸು ಹತ್ತಿದೆ.

ಹನೂರಿನ ನಿಲ್ದಾಣದ ತುಂಬ ಬೆಟ್ಟದ ದೇವಸ್ಥಾನಕ್ಕೆ ಹೋಗುವ ಬಸ್ಸಿಗೆ ಕಾಯುತ್ತಿದ್ದವರು. ಅವರಲ್ಲಿ ಅವಳಿರಲಿಲ್ಲ. ಹಿಂದುಗಡೆ, ಯಾರೂ ಸುಳಿಯದ ಗೋಡೆಯ ಬಳಿ, ಬಿಸಿಲಿನಲ್ಲೇ ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದಳು.

“ಸಾಯಕ್ಕೆ ಬಂದಿದ್ದೀಯಾ ಇಲ್ಲಿ?” ಎಂದು ಗಂಟಲು ಹರಿಯುವಂತೆ ಕೂಗಿದೆ.

“ಅತ್ರ ಬರ್ಬ್ಯಾಡಿ” ಎಂದು ಕೈ ಅಡ್ಡ ಹಿಡಿದಳು. “ಗಾಳೀಲಿ ಅಂಟ್ತದೆ ಅಂದ್ರಲ್ಲ. ಅಲ್ಲೇ ಇದ್ರೆ ನಾ ದೂರ ಮಲೀಕಂಡ್ರೂ ಆ ಮುದ್ಕಿ ತಡಕಾಡ್ಕಂಡು ಬತ್ತಾಳೆ. ಕಣ್ ಕಾಣದಿಲ್ಲ ಅವ್ಳಿಗೆ, ಬ್ಯಾಡ ಅಂದ್ರೆ ಕೇಳದೂ ಇಲ್ಲ.”

ನನ್ನ ಸಿಟ್ಟು ಇಳಿದುಹೋಯಿತು. ಸ್ವಲ್ಪ ದೂರದಲ್ಲಿ ನೆಲದ ಮೇಲೇ ಕೂತೆ. ಅಜ್ಜಿಯ ಕಫವನ್ನೂ ಪರೀಕ್ಷೆ ಮಾಡಿಸುತ್ತೇವೆ, ನಿನ್ನನ್ನು ಸ್ವಲ್ಪ ದಿನ ಆಸ್ಪತ್ರೆಯಲ್ಲೇ ಇರಿಸಿಕೊಳ್ಳಲು ಕೇಳುತ್ತೇನೆ ಎಂದು ಹೇಳಿದೆ.

ಅವಳು ಸೆರಗಿನೊಳಗಿಂದಲೇ, “ಮಾತ್ರೆ ನುಂಗುದ್ರೆ ಅವ್ಳ್ ಪಕ್ಕ ಮತ್ತೆ ಮಲೀಕಬೌದಾ?” ಎಂದಳು.

“ಮಲಗಬಹುದು. ಡಾಕ್ಟ್ರು ನೋಡಿ ಹೇಳ್ತಾರೆ. ಕೆಲವು ವಾರ ಆಗಬಹುದು.”

“ವಾರವಾ?” ಸೆರಗು ಬಾಯಿಂದ ಜಾರಿತು; ತಕ್ಷಣ ಎಳೆದುಕೊಂಡಳು. “ನಾ ಸಾಯಗಂಟ ದೂರ ಇರ್ಬೇಕು ಅನ್ಕಂಡಿದ್ನಲ್ಲವ್ವ!”

ಗೋಡೆ ಹಿಡಿದು ಎದ್ದಳು. “ಕೊಳ್ಳೇಗಾಲದ ಬಸ್ ಎಷ್ಟೊತ್ಗದೆ?”