ಪ್ಯಾಟರ್ನ್ ಅಕ್ಕನೂ ಬರೆಯಲು ಬಿಡದ ಫೋಲ್ಡರೂ

ಶೂ ತಯಾರಿಸುವ ಆ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಪ್ಯಾಟರ್ನ್ ಅಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ರಟ್ಟಿನ ಮೇಲೆ ಶೂವಿನ ಭಾಗಗಳನ್ನು ಬರೆದು ಕತ್ತರಿಸಿದವಳು, ಐವತ್ತು ದಾಟಿದ ಮೇಲೆ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಕಲಿತಳು. ಕಲಿತು ಸುಮ್ಮನಿರುವ ಜಾಯಮಾನ ಅವಳದಲ್ಲ. ಒಂದು ಹೊಲಿಗೆ ಬಿಟ್ಟುಕೊಂಡರೆ ಕಾರಣ ತಿಳಿಯಲು ಇಡೀ ಶೂವನ್ನೇ ಬಿಚ್ಚಿಹಾಕುತ್ತಿದ್ದಳು. ಮಾಲೀಕರು ಗುಜರಿಗೆ ಕೊಡಲಿದ್ದ ಎರಡು ಕಂಪ್ಯೂಟರುಗಳನ್ನು ತಡೆದು, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಿ ಎಬ್ಬಿಸಿದ್ದಳು.

ಎದ್ದವೇನೋ ಸರಿ. ಪ್ಯಾಟರ್ನುಗಳೆಲ್ಲ, ಕಾರ್ಖಾನೆಯ ಫೈಲುಗಳನ್ನು ಒಟ್ಟಿಗೆ ಇಡುವ ಸರ್ವರಿನ ಒಂದು ಫೋಲ್ಡರಿನಲ್ಲಿರಬೇಕು. ಕತ್ತರಿಸುವ ಯಂತ್ರ ಅಲ್ಲಿಂದಲೇ ಓದಿಕೊಳ್ಳುತ್ತದೆ. ಆ ಫೋಲ್ಡರನ್ನು ಲಿನಕ್ಸಿಗೆ ಜೋಡಿಸಿದರೆ ಹಳೆಯ ಪ್ಯಾಟರ್ನುಗಳು ತೆರೆದುಕೊಳ್ಳುತ್ತಿದ್ದವು, ಹೊಸದನ್ನು ಉಳಿಸಹೋದರೆ ಅನುಮತಿ ಇಲ್ಲ ಎನ್ನುತ್ತಿತ್ತು.

"ಐದು ಗಂಟೆಗೆ ಗುಜರಿ ಗಾಡಿ ಬರತ್ತೆ," ಎಂದರು ಮಾಲೀಕರು. "ಅಷ್ಟರಲ್ಲಿ ಸರಿಹೋಗದಿದ್ರೆ ಎರಡನ್ನೂ ಹತ್ತಿಸ್ತೀನಿ. ನೀವು ಮತ್ತೆ ರಟ್ಟು ಹಿಡೀರಿ."

ಕತ್ತರಿಸುವ ಯಂತ್ರ ನಡೆಸುವವನು ಅವಳ ಸ್ವಂತ ತಮ್ಮ. "ಸರ್ವರ್‌ಗೆ ನಿನ್ನ ಮುಖ ಹಿಡಿಸ್ಲಿಲ್ಲ ಅಕ್ಕ."

"ಮುಖ ನೋಡೋ ಹಾಗಿದ್ರೆ ನಿನ್ನನ್ನ ಗೇಟಲ್ಲೇ ತಡೀತಿದ್ರು."

ಅವಳಿಗೂ ಮೊದಲು ಸರ್ವರಿನ ಮೇಲೇ ಅನುಮಾನ. ಆಫೀಸಿನ ಕಂಪ್ಯೂಟರಿಗೆ ಹೋಗಿ, ಲಿನಕ್ಸಿನಲ್ಲಿ ಕೊಟ್ಟಿದ್ದ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಒಂದು ಫೈಲ್ ಉಳಿಸಿದಳು. ತಕರಾರಿಲ್ಲದೆ ಉಳಿಯಿತು. ಹಿಂದಿರುಗಿ, ಲಿನಕ್ಸಿನಲ್ಲಿ ಆ ಫೋಲ್ಡರಿನ ಅನುಮತಿಯನ್ನು ಎಲ್ಲರಿಗೂ ತೆರೆಯುವ ಆದೇಶ ಕೊಟ್ಟಳು. ಕಂಪ್ಯೂಟರ್ ತಕರಾರಿಲ್ಲದೆ ಒಪ್ಪಿಕೊಂಡಿತು. ಫೈಲುಗಳ ಪಟ್ಟಿ ತೆಗೆದು ನೋಡಿದರೆ ಅನುಮತಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.

"ಆಗಲ್ಲ ಅಂದಿದ್ರೆ ಅರ್ಥ ಇತ್ತು," ಎಂದಳು. "ಹೂಂ ಅಂದು ಮಾಡದೇ ಇರೋದು ಹೇಗೆ?"

"ಭಾವನ ಜೊತೆ ಇಷ್ಟು ವರ್ಷ ಸಂಸಾರ ಮಾಡಿ ನನ್ನ ಕೇಳ್ತೀಯಲ್ಲ."

ಅವಳು ಪಟ್ಟಿಯ ಮೇಲೆ ಬೆರಳಿಟ್ಟಳು. ಪ್ರತಿ ಫೈಲಿನ ಒಡೆಯನ ಜಾಗದಲ್ಲಿ ರೂಟ್ ಎಂದಿತ್ತು, ಅಂದರೆ ಲಿನಕ್ಸಿನ ಮೇಲಧಿಕಾರಿ. ಸರ್ವರಿನಲ್ಲಿ ಆ ಹೆಸರಿನವರೇ ಇಲ್ಲ. ಹಾಗಾದರೆ ಆ ಹೆಸರು ಬರೆದವರು ಯಾರು? ರೂಟ್ ಆಗಿಯೇ ಒಳಹೊಕ್ಕು ಒಂದು ಫೈಲ್ ಉಳಿಸಿದಳು. ಉಳಿಯಿತು. ತಡೆಯುತ್ತಿದ್ದುದು ಸರ್ವರಲ್ಲ, ಈ ಕಂಪ್ಯೂಟರೇ. ಬೆಳಿಗ್ಗೆ ಫೋಲ್ಡರನ್ನು ರೂಟ್ ಆಗಿ ಜೋಡಿಸಿದ್ದಳು, ಯಾರಿಗಾಗಿ ಎಂದು ಹೇಳಿರಲಿಲ್ಲ. ಲಿನಕ್ಸ್ ಜೋಡಿಸಿದವರನ್ನೇ ಒಡೆಯರೆಂದು ಬರೆದುಕೊಂಡಿತ್ತು. ಒಡೆಯರು ಯಾರೆಂದು ಹೇಳಬೇಕಾದದ್ದು ಜೋಡಿಸುವ ಹೊತ್ತಿನಲ್ಲೇ, ಆಮೇಲೆ ಕೊಟ್ಟ ಅನುಮತಿಯ ಆದೇಶ ಅದಕ್ಕೆ ತಾಕುವುದಿಲ್ಲ.

ಫೋಲ್ಡರನ್ನು ಕಳಚಿದಳು. ಲಿನಕ್ಸ್ ತನಗೆ ಕೊಟ್ಟಿದ್ದ ಬಳಕೆದಾರ ಸಂಖ್ಯೆಯನ್ನು ಆದೇಶದಲ್ಲೇ ಸೇರಿಸಿ ಮತ್ತೆ ಜೋಡಿಸಿದಳು. ಮಕ್ಕಳ ಬೂಟಿನ ಹಿಮ್ಮಡಿಯ ಪ್ಯಾಟರ್ನ್ ಉಳಿಯಿತು. ನಾಲ್ಕು ಮುಕ್ಕಾಲಿಗೆ ಪಕ್ಕದ ಕೋಣೆಯ ಯಂತ್ರ ಚರ್ಮ ಕತ್ತರಿಸತೊಡಗಿತು.

"ತಪ್ಪು ಯಾರದು?" ಮಾಲೀಕರು ಕೇಳಿದರು.

"ನನ್ನದೇ."

ಅವರು ಗುಜರಿಯವನನ್ನು ವಾಪಸು ಕಳಿಸಲು ಹೊರಟರು. "ಇನ್ನೊಂದನ್ನೂ ಈಗಲೇ ಸರಿಮಾಡಿಬಿಡಿ."

"ಅದು ನಾಳೆ," ಎಂದಳು ಅವಳು, ಎರಡನೆಯ ಕಂಪ್ಯೂಟರಿನ ಮುಂದೆ ಕುರ್ಚಿ ಎಳೆದುಕೊಳ್ಳುತ್ತ. "ಇವತ್ತು ಬಿಚ್ಚಿ ನೋಡೋದಕ್ಕೆ ಕೆಟ್ಟಿದ್ದು ಒಂದು ಬೇಕು."