ಕರಡಿಗೂ ದೃಷ್ಟಿ ಆಗೈತಂತೆ

ನಮ್ಮಕ್ಕನ ಎರಡು ವರ್ಷದ ಅವಳಿ ಮಕ್ಕಳನ್ನ ಕರ್ಕಂಡು ನ್ಯಾಮತಿಯಿಂದ ಬಸ್ಸಿನ ಮೇಲೆ ಬಸ್ಸು ಹತ್ತಿ ಥೀಮ್ ಪಾರ್ಕಿಗೆ ಹೋದ್ವಿ ನೋಡ್ರಿ, ಗೇಟು ದಾಟಿದ್ದೇ ತಡ, ಕರಡಿ ವೇಷದೋನು ಬಂದು ಎರಡನ್ನೂ ತಬ್ಕಂಡುಬಿಟ್ಟ! ಎರಡೂ ಕಿಟಾರನೆ ಕಿರುಚಾಕೆ ಹತ್ತಿದ್ವು, ನಿಲ್ಸೋದೇ ಇಲ್ಲ. ಅಕ್ಕ "ಸಾಕು, ಮನಿಗೆ ಹೋಗಾನ ನಡೀರಿ" ಅಂತ ಚೀಲ ಎತ್ತಿದ್ಲು. ನಾನಿನ್ನೂ ಒಂದು ಆಟನೂ ಆಡಿಲ್ಲ!

ನಮ್ಮವ್ವ "ಮಕ್ಕಳಿಗೆ ದೃಷ್ಟಿ ಆಗೈತೆ" ಅಂತ ಸೆರಗಿನ ಗಂಟು ಬಿಚ್ಚಿ ಉಪ್ಪು, ಒಣಮೆಣಸಿನಕಾಯಿ ತೆಗದ್ಲು. ಸೆಕ್ಯೂರಿಟಿಯೋನು ಓಡಿ ಬಂದ.

"ಅಮ್ಮಾ, ಹೊರಗಿನ ತಿಂಡಿ ಒಳಗೆ ತರಂಗಿಲ್ಲ."

"ತಿನ್ನಾಕಲ್ಲಪ್ಪಾ, ನಿವಾಳ್ಸಾಕೆ!"

"ಏನಕ್ಕಾದ್ರೂ ಆಗ್ಲಿ, ರೂಲ್ಸು ರೂಲ್ಸೇ ರೀ," ಅಂತ ಕಸ್ಕಂಡ.

ಅಷ್ಟರಾಗೆ ಕರಡಿ ತನ್ನ ತಲೆ ಕಿತ್ತು ಕಂಕುಳಾಗೆ ಇಟ್ಕಂತು. ಒಳಗೆ ದಪ್ಪ ಮೀಸೆ ಗಂಡಸು, ಬೆವರಿ ನೀರಾಗ್ಯಾನೆ. ಮಕ್ಕಳು ಗಪ್‌ಚಿಪ್! ಅಕ್ಕ ಚೀಲ ಕೆಳಗಿಟ್ಲು.

"ಅಮ್ಮಾ, ನನಗೂ ದೃಷ್ಟಿ ತೆಗೀರಿ. ದಿನಾ ಊರೋರ ಕಣ್ಣೆಲ್ಲ ನನ್ಮೇಲೇ ಬೀಳ್ತಾವೆ," ಅಂದ ಕರಡಿಯಪ್ಪ.

ಸೆಕ್ಯೂರಿಟಿಯೋನು ಒಂದು ಗಳಿಗೆ ಯೋಚನೆ ಮಾಡಿ, ಕ್ಯಾಂಟೀನಿಗೆ ಓಡಿಹೋಗಿ ಉಪ್ಪು ಮೆಣಸಿನಕಾಯಿ ತಂದ.

"ಇವು ಒಳಗಿನವೇ, ಮಾಡ್ರಿ. ಆಮೇಲೆ ನನಗೂ ಒಂದ್ಸಲ."

ಅವ್ವಂಗೆ ಇವತ್ತಿಗೂ ಒಂದೇ ಅನುಮಾನ. ಪಾರ್ಕಿನ ಮೆಣಸಿನಕಾಯಿಗೆ ಖಾರಾನೇ ಇರಲಿಲ್ಲ, ಕರಡಿ ದೃಷ್ಟಿ ಪೂರ್ತಿ ಇಳಿದಿರಲ್ಲ ಅಂತಾಳೆ.